ಎಂಟು ಗ್ರಹ, ಒಂದು ಕೋವಿ

ಕೊಲ್ಲಮೊಗ್ರು
28-10-1961

ಪ್ರೀತಿಯ ತಮ್ಮ ಕುಕ್ಕಪ್ಪನಿಗೆ,

ಕೊಡೈಕನಾಲಿಗೆ ಹೋದ ಮೇಲೆ ನೀನು ಎರಡು ಕಾಗದ ಹಾಕಿದ್ದಿ. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದಲ್ಲ, ಬಲಗೈ ಮುರಿದಿತ್ತು. ಹೇಗೆ ಮುರಿಯಿತೆಂದು ಕೇಳಬೇಡ. ನಿನ್ನ ಭಾವ ಇರುವ ಮನೆಯಲ್ಲಿ ಅದು ಕೇಳುವ ಪ್ರಶ್ನೆಯಲ್ಲ. ಈಗ ಮೂಳೆ ಕೂಡಿದೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನನ್ನ ಮಗ ಬೆಳ್ಯಪ್ಪ ಹೋಗಿ ಒಂಬತ್ತು ತಿಂಗಳಾಯಿತು. ಹದಿನಾರನೇ ದಿನಕ್ಕೆ ಬಂದ ನೀನು ಮರುದಿನವೇ ಹೊರಟುಹೋದಿ, ಆಮೇಲಿನದ್ದು ನಿನಗೆ ತಿಳಿಯದು. ಕೇಸು ಆಗಸ್ಟಿನಲ್ಲಿ ಮುಗಿಯಿತು. ಬೇಟೆಗೆ ಹೋದ ಹನ್ನೊಂದು ಮಂದಿಯೂ ಒಂದೇ ಮಾತು ಹೇಳಿದರು. ಪೊದೆ ಅಲುಗಿತು, ಹಂದಿ ಎಂದು ದೇರಣ್ಣ ಗುಂಡು ಬಿಟ್ಟ, ಹುಡುಗ ನಿಲ್ಲಬೇಕಾದ ಜಾಗ ಬಿಟ್ಟು ಬಂದಿದ್ದ, ಇಷ್ಟೇ. ದೇರಣ್ಣನನ್ನು ಬಿಟ್ಟರು. ಅವನು ನಿನ್ನ ಭಾವನ ಒಡಹುಟ್ಟಿದ ತಮ್ಮ. ನಾನು ಈ ಮನೆಗೆ ಮದುವೆಯಾಗಿ ಬಂದಾಗ ಮೂಗು ಒರೆಸಿಕೊಳ್ಳಲೂ ಬಾರದವನು, ನನ್ನ ಕೈಯಲ್ಲಿ ಉಂಡು ಬೆಳೆದವನು. ಈಗ ಗದ್ದೆಯ ಆಚೆ ಬದಿಯ ಮನೆಯಲ್ಲಿ ಹೆಂಡತಿ ದುಗ್ಗಮ್ಮ ಮತ್ತು ಮೂರು ಮಕ್ಕಳ ಜೊತೆ ಇದ್ದಾನೆ. ಅವನು ಕೆಮ್ಮಿದರೆ ನಮ್ಮ ಅಂಗಳಕ್ಕೆ ಕೇಳುತ್ತದೆ.

ತೀರ್ಪು ಬಂದ ಸಂಜೆ ನಿನ್ನ ಭಾವ ಬೆಳ್ಯಪ್ಪನ ಕೋವಿಯ ಮೇಲೆ ಕೈಯಿಟ್ಟು, ದೇರಣ್ಣನನ್ನು ಇದರಿಂದಲೇ ಕೊಲ್ಲುತ್ತೇನೆ ಎಂದು ದೈವದ ಹೆಸರಿನಲ್ಲಿ ಆಣೆ ಇಟ್ಟರು. ಬರೀ ಬಾಯಿಮಾತಲ್ಲ. ಮೂರು ಸಲ ಕೋವಿ ಹಿಡಿದು ಗದ್ದೆ ದಾಟಿದರು. ಮೂರು ಸಲವೂ ನಾನು ನಳಿಗೆಗೆ ಜೋತುಬಿದ್ದೆ. ಎರಡನೆಯ ಸಲ ಗುಂಡು ಹಾರಿ ದುಗ್ಗಮ್ಮನ ಕರು ಸತ್ತಿತು. ಮೂರನೆಯ ಸಲ ಕೋವಿಯ ಹಿಡಿಯಿಂದ ನನ್ನ ಕೈಗೆ ಹೊಡೆದರು. ನೋಡು, ಕೇಳಬೇಡ ಎಂದು ನಾನೇ ಹೇಳಿಬಿಟ್ಟೆ. ಉಳಿದ ದಿನಗಳಲ್ಲಿ ಕುಡಿದು ಬಂದು ನನಗೇ ಬಡಿಯುವುದು. ಮಗನಿಗೆ ಬುತ್ತಿ ಕಟ್ಟಿ ಬೇಟೆಗೆ ಕಳುಹಿಸಿದವಳು ನಾನಂತೆ.

ಈಗ ವಿಷಯಕ್ಕೆ ಬರುತ್ತೇನೆ. ನವರಾತ್ರಿಗೆ ಸುಬ್ರಹ್ಮಣ್ಯಕ್ಕೆ ಹೋದವರು ಒಂದು ಸುದ್ದಿ ತಂದಿದ್ದಾರೆ. ಪುಷ್ಯದ ಅಮಾವಾಸ್ಯೆಗೆ ಎಂಟು ಗ್ರಹಗಳು ಮಕರದಲ್ಲಿ ಒಟ್ಟು ಸೇರುತ್ತವಂತೆ, ಭೂಮಿ ಹೊತ್ತಿ ಉರಿಯುತ್ತದಂತೆ. ಕೇಳಿದ ದಿನವೇ ನಿನ್ನ ಭಾವ ಕೋವಿಯನ್ನು ಅಟ್ಟಕ್ಕೆ ಹಾಕಿದರು. "ಇನ್ನು ಮೂರು ತಿಂಗಳು ಉಂಟು. ನಾನು ಯಾಕೆ ಕೈ ಹೇಸಿಗೆ ಮಾಡಿಕೊಳ್ಳುದು? ಅವನ ಮಕ್ಕಳು ಬೇಯುದನ್ನು ಅವ ಕಣ್ಣಾರೆ ನೋಡ್ಲಿ, ನಾನು ನೋಡಿದ ಹಾಗೆ" ಅಂದರು. ಅಂದಿನಿಂದ ಕುಡಿತ ಇಲ್ಲ. ನನ್ನ ಮೈಮೇಲೆ ಕೈ ಮಾಡಿಲ್ಲ. ಮೊನ್ನೆ ನನಗೆ ನೀರು ಸೇದಿ ಕೊಟ್ಟರು, ನಾನು ಹೆದರಿ ಕೊಡಪಾನ ಬೀಳಿಸಿದೆ.

ನೀನು ಆಕಾಶ ನೋಡಿ ಸಂಬಳ ತೆಗೆದುಕೊಳ್ಳುವವನು. ಇದು ಹೌದೋ ಅಲ್ಲವೋ ಎಂದು ನನಗೆ ಮಾತ್ರ ಬರೆ. ಕಾಗದವನ್ನು ಕಡಬದ ಅಬ್ದುಲ್ ರಹ್ಮಾನನ ಹೆಸರಿಗೆ ಹಾಕು. ಒಣಮೀನು ಮಾರಲು ವಾರಕ್ಕೊಮ್ಮೆ ನಮ್ಮ ಕಡೆ ಬರುತ್ತಾನೆ, ತಂದುಕೊಡುತ್ತಾನೆ.

ಇತಿ ನಿನ್ನ ಅಕ್ಕ,
ಸೇವಂತಿ

*

ಕೊಡೈಕನಾಲ್
6-11-1961

ಅಕ್ಕನಿಗೆ ನಮಸ್ಕಾರ.

ನಿನ್ನ ಕೈಯ ವಿಷಯ ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಮಸಿಕುಪ್ಪಿಯನ್ನು ಗೋಡೆಗೆ ಎಸೆದೆ. ಭಾವನಿಗೆ ಹೊಡೆಯಬೇಕಿತ್ತು, ಗೋಡೆಗೆ ಹೊಡೆದೆ. ಗೋಡೆಗೆ ಸುಣ್ಣ ಹೊಡೆಸುವ ಖರ್ಚೂ ನನ್ನದೇ.

ಅಮಾವಾಸ್ಯೆಗೆ ಏನೂ ಆಗುವುದಿಲ್ಲ. ಆ ಎಂಟರಲ್ಲಿ ಕೇತು ಎಂಬುದು ಗ್ರಹವೇ ಅಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಅಡ್ಡ ಹಾಯುವ ಒಂದು ಜಾಗ. ಉಳಿದವು ಒಟ್ಟು ಸೇರುವುದೂ ಇಲ್ಲ. ನಮ್ಮ ಅಂಗಳದಿಂದ ನೋಡಿದರೆ ಹತ್ತಿರದ ತೆಂಗಿನಮರವೂ ದೂರದ ಗುಡ್ಡವೂ ಒಂದೇ ಗೆರೆಯಲ್ಲಿ ಕಾಣುತ್ತವೆ, ಹಾಗೆಂದು ಗುಡ್ಡ ಬಂದು ಮರಕ್ಕೆ ಗುದ್ದುತ್ತದೆಯೇ? ಅಂದು ಚಂದ್ರ ಎರಡೂವರೆ ಲಕ್ಷ ಮೈಲಿನೊಳಗೆ, ಶನಿ ನೂರು ಕೋಟಿ ಮೈಲಿನಾಚೆ. ಅದೇ ದಿನ ಒಂದು ಸೂರ್ಯಗ್ರಹಣವೂ ಇದೆ. ಅದು ನ್ಯೂಗಿನಿ ಕಡೆಯ ಸಮುದ್ರದ ಮೇಲೆ, ನಮ್ಮವರ ಪಾಲಿಗೆ ಅದೂ ಇಲ್ಲ.

ಹಾಗೆಂದು ಆಕಾಶ ಬಹಳ ಸಾಧು ಎಂದು ತಿಳಿಯಬೇಡ. ನನ್ನ ಕೆಲಸ ಬೆಳಿಗ್ಗೆ ಸೂರ್ಯನ ಚಿತ್ರವನ್ನು ಗಾಜಿನ ಪ್ಲೇಟಿನಲ್ಲಿ ಹಿಡಿದು ಅದರ ಕಲೆಗಳನ್ನು ಅಳೆಯುವುದು. ಒಂದೊಂದು ಕಲೆಯೊಳಗೆ ನಮ್ಮ ಭೂಮಿಯನ್ನು ಹಾಕಿದರೆ ಕೆಂಡದಲ್ಲಿ ಗೇರುಬೀಜ ಬಿದ್ದ ಹಾಗೆ ಚಟ್ಟೆಂದು ಮುಗಿಯುತ್ತದೆ. ಕೆಲವು ನಕ್ಷತ್ರಗಳು ಮುದಿಯಾಗಿ ಒಮ್ಮೆಲೇ ಸಿಡಿಯುತ್ತವೆ. ಒಂಬೈನೂರು ವರ್ಷದ ಹಿಂದೆ ಹಾಗೆ ಸಿಡಿದ ಒಂದರ ಚೂರುಗಳು ಇಂದಿಗೂ ಹಾರುತ್ತಲೇ ಇವೆ. ನಕ್ಷತ್ರಗಳ ಹಿಂಡಿಗೆ ಹಿಂಡೇ, ಕೋಟಿ ಕೋಟಿ ಸೂರ್ಯರ ಎರಡು ಹಿಂಡು, ಒಂದರೊಳಗೊಂದು ನುಗ್ಗಿದೆ ಎಂದು ರೇಡಿಯೋದಿಂದ ಆಕಾಶದ ಸದ್ದು ಹಿಡಿಯುವವರು ಬರೆದಿದ್ದರು. ಈಗ ಅದು ಡಿಕ್ಕಿಯಲ್ಲ, ಒಳಗಿಂದಲೇ ಆದ ಸ್ಫೋಟ ಇರಬೇಕೆಂದು ಇನ್ನು ಕೆಲವರ ವಾದ. ನಾಲ್ಕು ವರ್ಷದ ಹಿಂದೆ ಬಂದ ಒಂದು ಲೇಖನ ನೋಡಿದೆ. ನಮ್ಮ ಕತ್ತಿಯ ಕಬ್ಬಿಣ, ಗುಂಡಿನ ಸೀಸ, ಎಲ್ಲವೂ ಹಿಂದೆ ಯಾವುದೋ ನಕ್ಷತ್ರದ ಹೊಟ್ಟೆಯಲ್ಲಿ ಬೆಂದು ಹೊರಬಂದದ್ದಂತೆ.

ಈ ಕಾಗದವನ್ನು ಭಾವನಿಗೆ ಓದಿ ಹೇಳು. ಅವರಿಗೆ ಅಕ್ಷರ ಬಾರದೆಂದು ನಡುನಡುವೆ ಹಾರಿಸಬೇಡ. ಮನುಷ್ಯ ಸತ್ಯ ತಿಳಿದು ಒಳ್ಳೆಯವನಾಗಬೇಕು, ಜೋಯಿಸರಿಗೆ ಹೆದರಿ ಅಲ್ಲ.

ನಿನ್ನ ತಮ್ಮ,
ಕುಕ್ಕಪ್ಪ

*

ಕೊಲ್ಲಮೊಗ್ರು
19-11-1961

ತಮ್ಮಾ,

ನಿನ್ನ ಕಾಗದವನ್ನು ಅವರಿಗೆ ಓದಲಿಲ್ಲ. ಓದುವುದೂ ಇಲ್ಲ. "ಎಂತ ಬರ್ದಿದ್ದಾನೆ ನಿನ್ನ ತಮ್ಮ?" ಎಂದು ಕೇಳಿದರು. ಅಲ್ಲಿ ಚಳಿಯಂತೆ, ಕಂಬಳಿ ತೆಗೆದುಕೊಂಡನಂತೆ ಎಂದೆ. ಪಾಪ, ಎರಡೂವರೆ ತಿಂಗಳಿಗೆ ಕಂಬಳಿ ಯಾಕೆ ತಕ್ಕೊಂಡ ಎಂದರು.

ಬಿ.ಎಸ್‌ಸಿ. ಓದಿದವನಿಗೆ ಇಷ್ಟು ಹೊಳೆಯುವುದಿಲ್ಲವೇ? ಅಮಾವಾಸ್ಯೆಗೆ ಎಲ್ಲರೂ ಸಾಯುತ್ತಾರೆಂದು ನಂಬಿದ್ದರಿಂದ ಅವರು ಸುಮ್ಮನಿದ್ದಾರೆ. ಯಾರೂ ಸಾಯುವುದಿಲ್ಲ ಎಂದು ತಿಳಿದ ಗಳಿಗೆಯಲ್ಲಿ ಅಟ್ಟದಿಂದ ಕೋವಿ ಇಳಿಯುತ್ತದೆ. ಅಲ್ಲಿಗೆ ದೇರಣ್ಣ ಹೋದ, ಇವರನ್ನು ಗಲ್ಲಿಗೆ ಹಾಕಿದರು. ಮಗ ಹೋದ, ಗಂಡನನ್ನೂ ಹಗ್ಗಕ್ಕೆ ಕೊಡಲು ನನ್ನಿಂದಾಗದು. ಹೊಡೆಯುವ ಗಂಡನೇ ಇರಬಹುದು, ಇರುವುದು ಅವರೊಬ್ಬರೇ. ನಿನಗೆ ಸತ್ಯದ ಆಳ ನೋಡಬೇಕಾದರೆ ಕಂಡವರ ಮಕ್ಕಳನ್ನು ಬಾವಿಗೆ ತಳ್ಳಬೇಡ.

ದೇರಣ್ಣನದ್ದು ಕೈತಪ್ಪು ಎಂದೇ ನಾನು ನಂಬಿದ್ದೇನೆ. ನಂಬದಿದ್ದರೆ ಆ ಮನೆಯ ಹೊಗೆ ನೋಡಿಕೊಂಡು ಈ ಮನೆಯ ಒಲೆ ಹೊತ್ತಿಸಲು ನನಗೆ ಆಗುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಎದ್ದು ಅದನ್ನು ಹೊಸದಾಗಿ ನಂಬುತ್ತೇನೆ, ಮುಖ ತೊಳೆದ ಹಾಗೆ. ದುಗ್ಗಮ್ಮನ ತವರು ಮಡಿಕೇರಿಯ ಹತ್ತಿರ. ಅಮಾವಾಸ್ಯೆಗೆ ಮೊದಲೇ ಅವರೆಲ್ಲರನ್ನೂ ಘಟ್ಟ ಹತ್ತಿಸಿ ಕಳುಹಿಸಬೇಕೆಂದು ಅವಳೊಡನೆ ಮಾತಾಡಿದ್ದೇನೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು.

ಅಲ್ಲಿಯವರೆಗೆ ಇವರ ನಂಬಿಕೆ ಉಳಿಯಬೇಕು. ಊರಿನಲ್ಲಿ ಒಬ್ಬಿಬ್ಬರು ಪೇಪರು ಓದುವವರು ಇದು ಸುಳ್ಳು ಎನ್ನಲು ಸುರು ಮಾಡಿದ್ದಾರೆ. ಇವರು ಅವರನ್ನು ನಂಬುವುದಿಲ್ಲ, ನಿನ್ನನ್ನು ನಂಬುತ್ತಾರೆ. "ನನ್ನ ಭಾವಮೈದ ಸೂರ್ಯನನ್ನೇ ಹಿಡಿದು ಗಾಜಿಗೆ ಹಾಕುವವ" ಎಂದು ಊರಿಡೀ ಹೇಳುತ್ತಾರೆ. ಹಾಗಾಗಿ ನೀನು ಅವರ ಹೆಸರಿಗೆ ಒಂದು ಕಾಗದ ಬರೆ. ನಾನೂ ದೂರದರ್ಶಕದಲ್ಲಿ ನೋಡಿದ್ದೇನೆ, ಎಂಟು ಗ್ರಹಗಳೂ ಹೊರಟಿವೆ, ಅಮಾವಾಸ್ಯೆಗೆ ಉರಿಯುವುದು ಖಂಡಿತ ಎಂದು ಬರೆ. ನಾಲ್ಕು ಸಾಲು ಸಾಕು.

ಮತ್ತೆ ಆ ಸೀಸದ ವಿಷಯ. ನನ್ನ ಮಗನ ಎದೆಗೆ ಹೊಕ್ಕ ಗುಂಡೂ ನಕ್ಷತ್ರದ ಹೊಟ್ಟೆಯಿಂದ ಬಂದದ್ದೋ? ಆ ನಕ್ಷತ್ರ ಯಾವುದೆಂದು ಗೊತ್ತಾದರೆ ತಿಳಿಸು, ಅದರ ಮುಖಕ್ಕೆ ಉಗುಳಬೇಕು.

ಇತಿ,
ಸೇವಂತಿ

*

ಕೊಡೈಕನಾಲ್
30-11-1961

ಅಕ್ಕ,

ನಾಲ್ಕು ದಿನ ಯೋಚಿಸಿದೆ. ಆಗುವುದಿಲ್ಲ.

ಕೂದಲೆಳೆಯಷ್ಟು ದಪ್ಪದ ಕಲೆಯನ್ನೂ ಇದ್ದ ಹಾಗೆ ಬರೆಯಬೇಕು, ಇಲ್ಲದ್ದನ್ನು ಬರೆಯಬಾರದು. ನನಗೆ ಇಲ್ಲಿ ಕಲಿಸಿದ್ದು ಇದೊಂದೇ. ಆಕಾಶದ ಬಗ್ಗೆ ಒಂದು ಸಾಲು ಸುಳ್ಳು ಬರೆದರೆ ನಾಳೆ ಪ್ಲೇಟಿನ ಮುಂದೆ ಕೂರಲು ನನಗೆ ಮುಖವಿಲ್ಲ. ಸಣ್ಣ ಕೆಲಸ ಇರಬಹುದು, ನನ್ನ ಹತ್ತಿರ ಇರುವ ಮರ್ಯಾದೆ ಅದರದ್ದೇ.

ನಿನಗೂ ಒಂದು ಮಾತು. ಫೆಬ್ರವರಿ ಐದರ ಅಮಾವಾಸ್ಯೆ ದಾಟಿ ಆರಕ್ಕೆ ಸೂರ್ಯ ಹುಟ್ಟಿದಾಗ ಭಾವ ಏನು ಮಾಡುತ್ತಾರೆ? ಮೋಸಹೋದ ಸಿಟ್ಟೂ ಸೇರಿ ಇಮ್ಮಡಿಯಾಗುವುದಿಲ್ಲವೇ? ಸುಳ್ಳಿನಿಂದ ಹೊಳೆಗೆ ಕಟ್ಟಿದ ಕಟ್ಟ ಒಂದೇ ನೆರೆಗೆ ಹೋಗುತ್ತದೆ. ನೀನೇ ಪೊಲೀಸರಿಗೆ ಹೇಳಿ ಕೋವಿಯನ್ನು ಒಪ್ಪಿಸಿಬಿಡು. ಇಲ್ಲವಾದರೆ ನೀನು ಇಲ್ಲಿಗೆ ಬಾ. ನನ್ನ ಕೋಣೆ ಚಿಕ್ಕದು, ಆದರೆ ಕೈ ಮುರಿಯುವವರು ಯಾರೂ ಇಲ್ಲ.

ಬೈದು ಬರೆಯುತ್ತಿ ಎಂದು ಗೊತ್ತು. ಬೈ.

ಕುಕ್ಕಪ್ಪ

*

ಕೊಲ್ಲಮೊಗ್ರು
17-1-1962

ಕುಕ್ಕಪ್ಪನಿಗೆ,

ನಿನ್ನ ಕಾಗದಕ್ಕೆ ಒಂದೂವರೆ ತಿಂಗಳು ಉತ್ತರ ಬರೆಯಲಿಲ್ಲ. ಬೈಯಲೂ ಮನಸ್ಸಿರಲಿಲ್ಲ.

ಸಂಕ್ರಾಂತಿಯ ದಿನ ಮನೆದೈವಕ್ಕೆ ವರ್ಷದ ತಂಬಿಲದ ಪೂಜೆ ಆಯಿತು. ಇದೇ ಕೊನೆಯದು ಎಂದು ನಿನ್ನ ಭಾವನೇ ಗದ್ದೆ ದಾಟಿ ಹೋಗಿ ದೇರಣ್ಣನನ್ನು ಕರೆದರು. ವರ್ಷದ ಮೇಲೆ ಅಣ್ಣ ತಮ್ಮ ಒಂದೇ ಸಾಲಿನಲ್ಲಿ ಕೂತು ಉಂಡರು. ಬಡಿಸಿದವಳು ನಾನು.

ನೀನು ಹೇಳಿದ್ದೇ ಸರಿ ಎಂದು ಈಗ ಅನ್ನಿಸುತ್ತದೆ. ಸತ್ಯವನ್ನೇ ಬರೆ. ಏನೂ ಆಗುವುದಿಲ್ಲ ಎಂಬುದನ್ನು ಲೆಕ್ಕ ಸಮೇತ, ಭಾವನ ಹೆಸರಿಗೆ, ಅವರಿಗೆ ಅರ್ಥವಾಗುವ ಹಾಗೆ ಬರೆ. ನಾನು ಓದಿ ಹೇಳುತ್ತೇನೆ. ಅಮಾವಾಸ್ಯೆಗೆ ಮೊದಲು ತಲುಪಬೇಕು, ತಡಮಾಡಬೇಡ.

ಸೇವಂತಿ

*

ಕೊಡೈಕನಾಲ್
23-1-1962

ಭಾವನಿಗೆ ನಮಸ್ಕಾರಗಳು.

ನಾನು ನಿಮಗೆಂದೇ ಬರೆಯುವ ಮೊದಲ ಕಾಗದ ಇದು. ನೀವು ದೇರಣ್ಣನನ್ನು ಮನೆಗೆ ಕರೆದು ಊಟ ಹಾಕಿದಿರೆಂದು ಅಕ್ಕ ಬರೆದಿದ್ದಾಳೆ. ಓದಿ ಕಣ್ಣು ತುಂಬಿ ಬಂತು. ಅಂಥ ಕೆಲಸ ಮಾಡಿದವರಿಗೆ ಇನ್ನು ಸುಳ್ಳಿನ ಹಂಗು ಬೇಡ ಎಂದು ಬರೆಯುತ್ತಿದ್ದೇನೆ.

ಅಮಾವಾಸ್ಯೆಗೆ ಪ್ರಳಯ ಇಲ್ಲ. ಗ್ರಹಗಳ ದಾರಿಯನ್ನು ನೂರಾರು ವರ್ಷಗಳಿಂದ ಅಳೆದಿದ್ದಾರೆ, ಗಳಿಗೆ ತಪ್ಪುವುದಿಲ್ಲ. ಅವು ಹೊರಟದ್ದು ನಮ್ಮ ಮೇಲೆ ಬೀಳಲಿಕ್ಕಲ್ಲ, ತಮ್ಮ ಪಾಡಿಗೆ ಸುತ್ತಲಿಕ್ಕೆ. ಅಂದು ಗುರು ಐವತ್ತಾರು ಕೋಟಿ ಮೈಲು ದೂರ, ಶನಿ ನೂರು ಕೋಟಿ ಮೈಲಿಗಿಂತ ದೂರ, ಎರಡೂ ಸೂರ್ಯನ ಆಚೆ ಬದಿಗೆ. ಅವುಗಳೆಲ್ಲ ಸೇರಿ ಎಳೆದರೂ ಚಂದ್ರ ಒಬ್ಬನೇ ಎಳೆದಷ್ಟು ಆಗುವುದಿಲ್ಲ. ಆ ಚಂದ್ರ ದಿನದಿನವೂ ಎಳೆಯುತ್ತಾನೆ, ಮಂಗಳೂರಿನ ಕಡಲು ನಾಲ್ಕು ಅಡಿ ಏರಿ ಇಳಿಯುತ್ತದೆ, ಕೊಲ್ಲಮೊಗ್ರಿನ ಬಾವಿ ಅಲುಗುವುದೂ ಇಲ್ಲ.

ಆರನೇ ತಾರೀಕು ಮಂಗಳವಾರ. ಅಂದು ಬೆಳಿಗ್ಗೆ ನಾನಿಲ್ಲಿ ಸೂರ್ಯನ ಚಿತ್ರ ತೆಗೆಯುತ್ತೇನೆ. ನೀವು ಎದ್ದು ಗದ್ದೆಗೆ ಹೋಗುತ್ತೀರಿ, ದೇರಣ್ಣನೂ ಹೋಗುತ್ತಾನೆ. ಊರಿನ ಒಂದು ಕೋಳಿಯೂ ಸತ್ತಿರುವುದಿಲ್ಲ. ನೀವೂ ಅವನೂ ಇನ್ನು ಇಪ್ಪತ್ತು ಮೂವತ್ತು ವರ್ಷ ಎದುರುಬದುರು ಬದುಕಬೇಕು. ಹಾಗಾಗಿ ಸಂಕ್ರಾಂತಿಗೆ ಮಾಡಿದ್ದನ್ನು ಕೈಬಿಡಬೇಡಿ.

ನಿಮ್ಮ ಭಾವಮೈದ,
ಕುಕ್ಕಪ್ಪ

*

ಕೊಡೈಕನಾಲ್
14-2-1962

ಅಕ್ಕಾ,

ಮಂಗಳೂರಿನ ಪೇಪರು ಇಲ್ಲಿಗೆ ಐದು ದಿನ ತಡವಾಗಿ ಬರುತ್ತದೆ. ಮೂಲೆಯಲ್ಲಿ ಆರು ಸಾಲು. ಕೊಲ್ಲಮೊಗ್ರಿನಲ್ಲಿ ಅಷ್ಟಗ್ರಹದ ಪ್ರಾರ್ಥನೆಗೆ ಕೂತವನನ್ನು ಅಣ್ಣನೇ ಗುಂಡಿಕ್ಕಿ ಕೊಂದ ಎಂದಿತ್ತು. ಜತ್ತಪ್ಪ ಎಂಬ ಭಾವನ ಹೆಸರನ್ನು ಹತ್ತು ಸಲ ಓದಿದೆ.

ನನ್ನ ಕಾಗದ ತಲುಪಿತ್ತೇ? ಕಡಬದಲ್ಲಿಯೇ ಉಳಿಯಿತು, ಅಬ್ದುಲ್ ರಹ್ಮಾನ್ ತರಲಿಲ್ಲ, ನೀನು ಓದಲೇ ಇಲ್ಲ ಎಂದು ಬರೆ. ಇಪ್ಪತ್ತು ಮೂವತ್ತು ವರ್ಷ ಎದುರುಬದುರು ಎಂದು ಬರೆದವನು ನಾನು. ಅದನ್ನೇ ಕೇಳಿ ಅವರು ಕೋವಿ ಇಳಿಸಿದರೇ? ನೀನು ನವೆಂಬರಿನಲ್ಲಿಯೇ ಹೇಳಿದ್ದಿ. ನನ್ನ ಮರ್ಯಾದೆಯ ಮಾತು ಹೇಳಿ ನಿನ್ನ ಬಾಯಿ ಮುಚ್ಚಿಸಿದೆ. ದೇರಣ್ಣನ ಮೂರು ಮಕ್ಕಳ ಮುಖ ನೆನಪಿಗೆ ಬರುತ್ತದೆ. ಗಾಜಿನ ಮೇಲೆ ಒಂದು ಕಲೆಯನ್ನೂ ಎಣಿಸಲಾಗುತ್ತಿಲ್ಲ, ನಿನ್ನೆ ಎರಡು ಪ್ಲೇಟು ಕೈಯಿಂದ ಜಾರಿ ಒಡೆದವು. ಕೊಂದದ್ದು ನಾನೇ ಅಕ್ಕ.

ಬರಲೇ? ಒಂದು ಸಾಲು ಬರೆ.

ಕುಕ್ಕಪ್ಪ

*

ಕೊಲ್ಲಮೊಗ್ರು
27-2-1962

ತಮ್ಮ ಕುಕ್ಕಪ್ಪನಿಗೆ,

ಬರಬೇಡ. ಮೊದಲು ಇದನ್ನು ಓದು. ಓದಿದ ಮೇಲೆ ಬರುವ ಮನಸ್ಸು ನಿನಗೇ ಇರಲಿಕ್ಕಿಲ್ಲ.

ಐದನೇ ತಾರೀಕು ಸೋಮವಾರ ಊರಿನವರೆಲ್ಲ ಶಾಲೆಯ ಅಂಗಳದಲ್ಲಿ ಸೇರಿದ್ದರು. ಸಾಯುವುದಾದರೆ ಒಟ್ಟಿಗೆ ಎಂದು ಹಾಸಿಗೆ ಹಿಡಿದ ಮುದುಕರನ್ನೂ ಹೊತ್ತು ತಂದಿದ್ದರು. ಬೆಳಗಿನಿಂದ ಭಜನೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿ ಕೂತುಕೊಳ್ಳಬೇಕೆಂದು ಯಾರೋ ಹೇಳಿದರು. ದೇರಣ್ಣ ಎದುರಿನ ಸಾಲಿನಲ್ಲಿದ್ದ, ಸಣ್ಣ ಮಗಳು ಅವನ ತೊಡೆಯ ಮೇಲೆ. ನಿನ್ನ ಭಾವ ಮನೆಯಿಂದ ನಡೆದು ಬಂದರು. ಬೆಳ್ಯಪ್ಪನ ಕೋವಿ ಹೆಗಲ ಮೇಲಿತ್ತು. ನೋಡಿದವಳು ನಾನೊಬ್ಬಳೇ, ಯಾಕೆಂದರೆ ಕಣ್ಣು ಬಿಟ್ಟವಳು ನಾನೊಬ್ಬಳೇ.

ಅವರು ಬಗ್ಗಿ ಮಗುವನ್ನು ಎತ್ತಿ ದುಗ್ಗಮ್ಮನ ಮಡಿಲಿಗೆ ಹಾಕಿದರು. ದೇರಣ್ಣ ಕಣ್ಣು ಬಿಟ್ಟು "ಅಣ್ಣಾ" ಅಂದ. ನಳಿಗೆಯನ್ನು ಅವನ ಎದೆಗೆ ತಾಗಿಸಿ ಒತ್ತಿದರು. ಬೆನ್ನಿನ ಕಡೆಯಿಂದ ಹೊರಬಂದದ್ದು ಹಿಂದೆ ಕೂತವರ ಮುಖಕ್ಕೆಲ್ಲ ಹಾರಿತು. ಆದರೂ ಯಾರೂ ಕಣ್ಣು ಬಿಡಲಿಲ್ಲ, ಗೊತ್ತುಂಟಾ? ಪ್ರಳಯ ಸುರುವಾಯಿತೆಂದು ಗಟ್ಟಿಯಾಗಿ ಕಣ್ಣು ಮುಚ್ಚಿ ಬೊಬ್ಬೆ ಹಾಕಿದರು. ಇನ್ನೂರು ಜನರ ನಡುವೆ ಅವನು ಕಾಲು ಬಡಿದುಕೊಂಡು ಸತ್ತ. ಓಡಿ ಬಂದು ಅವನ ತಲೆ ಎತ್ತಿ ಹಿಡಿದದ್ದು ರಸ್ತೆಬದಿಯಲ್ಲಿ ಬುಟ್ಟಿ ಇಳಿಸಿ ಕೂತಿದ್ದ ಅಬ್ದುಲ್ ರಹ್ಮಾನ್. ನಿನ್ನ ಭಾವ ಕೋವಿಯನ್ನು ನೆಲಕ್ಕೆ ಇಟ್ಟು "ಕಣ್ಣು ಬಿಡಿ ಮಾರಾಯ್ರೆ, ಎಂತ ಆಗ್ಲಿಲ್ಲ" ಅಂದರು. ಆಮೇಲೆ ನೀರು ಕೇಳಿ ಕುಡಿದರು.

ದುಗ್ಗಮ್ಮ ನನ್ನ ಹತ್ತಿರ ತೆವಳಿಕೊಂಡು ಬಂದು ನನ್ನ ಕಾಲಿಗೆ ತಲೆ ಬಡಿದಳು. ನಾನು ಅಳಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೌದು, ಕಾಗದ ಮೂವತ್ತನೇ ತಾರೀಕಿಗೆ ತಲುಪಿತು. ಆದರೆ ಕೊಂದದ್ದು ನೀನಲ್ಲ. ಅಷ್ಟು ದೊಡ್ಡ ಜನ ಆಗಬೇಡ.

ತಂಬಿಲದ ದಿನ ನಮ್ಮ ಮನೆತನದಲ್ಲಿ ಒಂದು ಕ್ರಮ ಉಂಟು. ಮನೆಯವರಲ್ಲಿ ಯಾರಿಗೆ ಯಾರಿಂದ ತಪ್ಪಾಗಿದೆಯೋ ಅವರ ಹತ್ತಿರ ಅದನ್ನು ಬಾಯಿಬಿಟ್ಟು ಹೇಳದೆ ದೈವದ ಗಂಧ ಮುಟ್ಟಬಾರದು. ಬೇರೆ ವರ್ಷಗಳಲ್ಲಿ ಕೋಳಿ ಕದ್ದದ್ದು, ಬದು ಒತ್ತಿದ್ದು, ಇಂಥದ್ದೇ ಬರುವುದು. ಗಂಧ ತೆಗೆದುಕೊಳ್ಳುವ ಮೊದಲು ದೇರಣ್ಣ ಅಡಿಗೆಮನೆಯ ಬಾಗಿಲಿಗೆ ಬಂದ. ನಾನು ತೆಂಗಿನಕಾಯಿ ಹೆರೆಯುತ್ತಿದ್ದೆ. "ಅತ್ತಿಗೆ, ಇನ್ನು ಇಪ್ಪತ್ತೆರಡು ದಿನ ಇರುದು. ನಿಮ್ಮ ಹತ್ತಿರ ಹೇಳದೆ ನಾನು ಸಾಯುದು ಹೇಗೆ?" ಅಂದ. ನಾನು ಕೈ ನಿಲ್ಲಿಸಲಿಲ್ಲ.

"ಅವ ಜಾಗ ಬಿಟ್ಟು ಬಂದದ್ದು ಅಲ್ಲ. ಅವ ಅವನ ಜಾಗದಲ್ಲೇ ಇದ್ದ. ಹಂದಿಗೆ ಅಂತ ಎತ್ತಿದ ಕೋವಿಯೇ ಹೌದು. ಎತ್ತುವಾಗ ಅವನ ಮುಖ ಕಂಡಿತು ಅತ್ತಿಗೆ. ಅಣ್ಣನಿಗೆ ಇರುದು ಒಬ್ಬನೇ ಅಂತ ತಲೆಗೆ ಬಂತು. ಇಳಿಸ್ಲಿಕ್ಕೆ ಹೊತ್ತಿತ್ತು. ಇಳಿಸ್ಲಿಲ್ಲ." ಇಷ್ಟು ಹೇಳಿ, ಮುಖ ಮುಚ್ಚಿಕೊಂಡು ಅತ್ತ. ಸಣ್ಣವನಿದ್ದಾಗ ಜ್ವರ ಬಂದರೆ ಹೀಗೆಯೇ ಅಳುತ್ತಿದ್ದ.

ಒಬ್ಬನೇ, ಅವನೂ ಹೋದರೆ ಎಲ್ಲ ಗದ್ದೆ ತನ್ನ ಮಕ್ಕಳಿಗೆ. ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು "ಆಯ್ತು, ಹೋಗಿ ಗಂಧ ತಕ್ಕೊ" ಅಂದೆ. ಅವನ ಎಲೆಗೆ ಎರಡನೇ ಸಲ ಪಾಯಸವನ್ನೂ ಬಡಿಸಿದೆ. ಹೆರೆಮಣೆಯನ್ನೇ ಎತ್ತಿ ಅವನ ತಲೆಗೆ ಹಾಕಬೇಕೆಂದು ಮೂರು ಸಲ ಕೈ ಹೋಯಿತು. ಪ್ರಳಯ ಬರುತ್ತದೆಂದು ನಂಬಿದ್ದರಿಂದ ಅವನು ಹೇಳಿದ. ನಂಬದಿದ್ದರೆ ಮುದುಕನಾಗುವವರೆಗೆ ನನ್ನ ಎದುರು ಉಂಡು ತಿರುಗುತ್ತಿದ್ದ. ಬರುವುದಿಲ್ಲ ಎಂದು ಆ ಮನೆಯಲ್ಲಿ ತಿಳಿದವಳು ನಾನೊಬ್ಬಳು. ಅವರನ್ನೆಲ್ಲ ಘಟ್ಟ ಹತ್ತಿಸಬೇಕೆಂದಿದ್ದೆನಲ್ಲ, ಮರುದಿನ ದುಗ್ಗಮ್ಮನಿಗೆ ಹೋಗಬೇಡ, ಇಲ್ಲೇ ಇರಿ ಎಂದೆ.

ಇದನ್ನು ನಿನ್ನ ಭಾವನಿಗೆ ಹೇಳಿದರೆ ಏನಾಗುತ್ತಿತ್ತು? ಹೇಗೂ ಅಮಾವಾಸ್ಯೆಗೆ ಉರಿದುಹೋಗುತ್ತಾನೆ ಎಂದು ಕೂತಿರುತ್ತಿದ್ದರು. ಅದಕ್ಕೆ ನಿನ್ನ ಹತ್ತಿರ ಸತ್ಯ ಕೇಳಿ ತರಿಸಿದೆ. ಅಕ್ಷರ ಬಾರದ ಗಂಡನಿಗೆ ಓದಿ ಹೇಳುವವಳು ನಾನು. ಹಾರಿಸಬಹುದಿತ್ತು, ಕಂಬಳಿ ಎನ್ನಬಹುದಿತ್ತು. ಒಂದು ಸಾಲು ಬಿಡದೆ ಓದಿದೆ. ಗುರು ಐವತ್ತಾರು ಕೋಟಿ, ಶನಿ ನೂರು ಕೋಟಿ. ಇಪ್ಪತ್ತು ಮೂವತ್ತು ವರ್ಷ ಎದುರುಬದುರು ಎಂಬುದನ್ನು ಅವರು ಕೇಳದಿದ್ದರೂ ಎರಡು ಸಲ ಓದಿದೆ. "ಹಾಗಾದ್ರೆ ಅವ ಸಾಯುದಿಲ್ವಾ?" ಎಂದು ಕೇಳಿದರು. ಇಲ್ಲವಂತೆ ಎಂದೆ. "ಅವ ಕಾಯುವ ದಿನವೇ ಆಗ್ಲಿ" ಎಂದು ಅವರು ಅಟ್ಟದ ಕಡೆ ನೋಡಿದರು. ಈ ಸಲ ನಾನು ನಳಿಗೆಗೆ ಜೋತುಬೀಳಲಿಲ್ಲ. ಏಣಿ ಹಿಡಿದುಕೊಂಡೆ.

ದೇರಣ್ಣ ಹೇಳಿದ್ದನ್ನು ಅವರಿಗೆ ಇಂದಿನವರೆಗೂ ಹೇಳಿಲ್ಲ. ಸಮಾಧಾನ ಆಯಿತೇ ಎಂದು ಕೇಳಬೇಡ. ಗದ್ದೆಯ ಆಚೆಯಿಂದ ಮೂರು ಮಕ್ಕಳು ಅಳುವುದು ಕೇಳುತ್ತದೆ. ಆ ಸಣ್ಣವಳಿಗೆ ಈಗ ಗುಂಡಿನ ಸದ್ದೆಂದರೆ ಏನೆಂದು ಗೊತ್ತು. ಅದಕ್ಕೆ ಕಾರಣಳಾದವಳು ನಾನು ಎಂದು ಗೊತ್ತಿದ್ದೂ ನನಗೆ ಹಸಿವೆಯಾಗುತ್ತದೆ, ಉಣ್ಣುತ್ತೇನೆ.

ಒಂದು ಮಾತು ಕೇಳಲಿಕ್ಕಿದೆ. ಪುತ್ತೂರಿನ ವಕೀಲರು ಗೌರೀಶಂಕರ ರಾಯರು ಬಂದಿದ್ದರು. ಅಷ್ಟಗ್ರಹದ ಭಯದಲ್ಲಿ ಬುದ್ಧಿ ಕೆಟ್ಟು ಹೊಡೆದದ್ದೆಂದು ಆದರೆ ಗಲ್ಲು ತಪ್ಪಬಹುದಂತೆ. ಏನೂ ಆಗುವುದಿಲ್ಲವೆಂದು ಮೊದಲೇ ತಿಳಿದು, ಆರು ದಿನ ಕಾದು, ಹುಡುಕಿಕೊಂಡು ಹೋಗಿ ಹೊಡೆದದ್ದೆಂದು ಆದರೆ ಗಲ್ಲೇ. ಆಚೆ ಕಡೆಯ ವಕೀಲರಿಗೆ ನಿನ್ನ ಕಾಗದದ ವಾಸನೆ ಹತ್ತಿದೆ. ಮಾರ್ಚ್ ಹನ್ನೆರಡಕ್ಕೆ ನನ್ನನ್ನು ಪುತ್ತೂರಿಗೆ ಕರೆದಿದ್ದಾರೆ. ಕಾಗದ ಬಂದಿತ್ತೇ, ಅದರಲ್ಲಿ ಏನಿತ್ತು, ಓದಿದವರು ಯಾರು ಎಂದು ಕೇಳುತ್ತಾರೆ. ಅವನನ್ನು ಕೊಲ್ಲಿಸಬೇಕೆಂದಿದ್ದೆ, ಇವರನ್ನಲ್ಲ. ಇವರು ಜೈಲಿನಿಂದ ಹೇಳಿ ಕಳುಹಿಸಿದ್ದು ಒಂದೇ ಮಾತು, ಸೇವಂತಿಯ ಕೈ ಈಗ ಹೇಗೆ ಉಂಟು ಎಂದು.

ನಿನ್ನ ಕಾಗದ ನನ್ನ ಹತ್ತಿರ ಇದೆ. ಆಕಾಶದ ಬಗ್ಗೆ ಒಂದು ಸಾಲು ಸುಳ್ಳು ಬರೆಯಲಾರೆ ಎಂದವನು ನೀನು. ನಾನು ಕಟಕಟೆಯಲ್ಲಿ ನಿಂತು ಏನು ಹೇಳಲಿ?

ಇತಿ,
ಸೇವಂತಿ

*

ಕೊಡೈಕನಾಲ್
5-3-1962

ಅಕ್ಕ,

ಈ ಕಾಗದವನ್ನೂ ಆ ಕಾಗದವನ್ನೂ ಒಟ್ಟಿಗೆ ಒಲೆಗೆ ಹಾಕು. ಬೂದಿಯನ್ನು ಹೊಳೆಗೆ ಬಿಡು.

ಜನವರಿಯಲ್ಲಿ ನಾನು ಭಾವನಿಗೆ ಯಾವ ಕಾಗದವನ್ನೂ ಬರೆದಿಲ್ಲ. ಅಬ್ದುಲ್ ರಹ್ಮಾನ್ ಏನನ್ನೂ ತರಲಿಲ್ಲ, ನೀನು ಏನನ್ನೂ ಓದಲಿಲ್ಲ. ದೇರಣ್ಣ ಅಡಿಗೆಮನೆಯ ಬಾಗಿಲಿಗೆ ಬರಲೇ ಇಲ್ಲ. ಯಾರು ಎಷ್ಟು ಸಲ ಕೇಳಿದರೂ ಇಷ್ಟೇ ಹೇಳು.

ರಜೆ ಸಿಕ್ಕಿದೆ, ಹನ್ನೊಂದಕ್ಕೆ ಪುತ್ತೂರಿನಲ್ಲಿ ಇರುತ್ತೇನೆ. ವಕೀಲರಿಗೆ ಹೇಳು, ನಾನೂ ಸಾಕ್ಷಿ ಹೇಳುತ್ತೇನೆ. ಸೂರ್ಯನನ್ನು ಅಳೆಯುವ ಸರಕಾರಿ ನೌಕರ ಎಂದು ಪ್ರಮಾಣ ಮಾಡಿ ಹೇಳುತ್ತೇನೆ, ಎಂಟು ಗ್ರಹಗಳು ಒಟ್ಟು ಸೇರಿದ ದಿನ ಮನುಷ್ಯನ ಬುದ್ಧಿ ಹಾಗೆ ಕೆಡುವುದುಂಟು ಎಂದು.

ನಿನ್ನ ತಮ್ಮ,
ಕುಕ್ಕಪ್ಪ